ಮಳೆಯ ಬದಲಿಗೆ ಒಂದು ಸೂಜಿ

ಆಷಾಢ ಮಾಸದಲ್ಲಿ ಅಳಿಯನಾದವನು ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದೆಂಬ ಕಟ್ಟಳೆ ಹೊಸ ಅಳಿಯಂದಿರಿಗೆ ಮಾತ್ರ. ಹತ್ತು ವರ್ಷದ ಹಳೆಯ ಅಳಿಯನಿಗೆ ಅದರ ಕಾಟವಿಲ್ಲ. ಅಂಥ ಧೈರ್ಯದಿಂದಲೇ ಹೋದ ವರ್ಷದ ಆಷಾಢದಲ್ಲಿ ನಾನು ಪತ್ನಿಯ ತವರಿಗೆ ಹೋಗಿದ್ದೆ. ದೊಡ್ಡಬಳ್ಳಾಪುರದಿಂದ ಎರಡು ಹರದಾರಿ ದೂರದ ಚಿಕ್ಕ ಹಳ್ಳಿ ಅದು. ಊರ ಮುಂದೆ ಕೆರೆ, ಕೆರೆಯ ಏರಿಯ ಮೇಲೆ ಸಾಲು ಹುಣಿಸೆಮರ. ಬೆಳಗಿನ ಕಾಫಿಯಾದ ಮೇಲೆ ಎಂಟು ವರ್ಷದ ಮಗಳ ಕೈ ಹಿಡಿದು ಏರಿಯ ಮೇಲೆ ಅಡ್ಡಾಡುವುದು ನನಗೆ ಅಲ್ಲಿಯ ದೊಡ್ಡ ಸುಖ.

ಆ ದಿನ ಏರಿಯ ಬದಿಯಲ್ಲಿ ಒಂದು ಟೆಂಪೊ ನಿಂತಿತ್ತು. ಅದರ ತುಂಬ ಉಬ್ಬಿದ ಪ್ಲಾಸ್ಟಿಕ್ ಚೀಲಗಳು. ಒಂದೊಂದರಲ್ಲೂ ಕಾಲು ಭಾಗ ನೀರು, ಮಿಕ್ಕಿದ್ದು ಆಮ್ಲಜನಕ. ಆ ನೀರಿನಲ್ಲಿ ಜೀರಿಗೆಯನ್ನು ಚೆಲ್ಲಿದಂತೆ ಸಾವಿರಾರು ಮೀನುಮರಿಗಳು ಮಿಣಮಿಣನೆ ಓಡಾಡುತ್ತಿದ್ದವು. ಮೀನುಗಾರರ ಸಹಕಾರ ಸಂಘದ ಹಿರಿಯರೊಬ್ಬರು ಮೊಣಕಾಲುದ್ದದ ನೀರಿನಲ್ಲಿ ನಿಂತು ಚೀಲಗಳನ್ನು ಒಂದೊಂದಾಗಿ ಕೆರೆಯ ಮೇಲೆ ತೇಲಿಬಿಡುತ್ತಿದ್ದರು. ಬಾಯಿ ಬಿಚ್ಚದೆ ಚೀಲಗಳನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರು. ಚೀಲದ ನೀರೂ ಕೆರೆಯ ನೀರೂ ಒಂದೇ ಹದದ ತಂಪಿಗೆ ಬಂದ ಮೇಲೆ ಮರಿಗಳನ್ನು ಬಿಡಬೇಕಂತೆ. ಇಲ್ಲವಾದರೆ ಅವು ಬದಲಾವಣೆಯನ್ನು ತಾಳಲಾರವು. ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲಿಸಿ ಒಳಗೆ ಕರೆದುಕೊಳ್ಳುವಂತಿತ್ತು ಆ ನಾಜೂಕು.

ನನ್ನ ಮಗಳು ಅದನ್ನೆಲ್ಲ ಕಣ್ಣರಳಿಸಿ ನೋಡಿದಳು. ಆಮೇಲೆ ಕೇಳಿದಳು:

“ತಾತ, ಈ ಕೆರೆಯಲ್ಲಿ ತಾಯಿಮೀನು ಇಲ್ಲವೇ? ಮರಿಗಳನ್ನು ಯಾಕೆ ಕೊಂಡುಕೊಂಡು ಬಂದಿರಿ?”

ಹಿರಿಯರು ನಕ್ಕರು. “ತಾಯಿ ಐತೆ ಕಣವ್ವ. ಹೊಟ್ಟೆ ತುಂಬ ತತ್ತಿನೂ ಐತೆ. ಆದ್ರೆ ಈ ನಿಂತ ನೀರಾಗೆ ಇಕ್ಕಾಕಿಲ್ಲ. ಅದಕ್ಕೆ ಹರಿಯೋ ಹೊಳೆ ಬೇಕು. ಹೊಳೆ ಇಲ್ದಿದ್ರೆ ಡಾಕ್ಟ್ರ ಸೂಜಿ ಬೇಕು.”

ಮಗಳು ನನ್ನ ಮುಖ ನೋಡಿದಳು. ಕಾಲೇಜಿನಲ್ಲಿ ಪಾಠ ಹೇಳುವ ತಂದೆಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಅವಳದು. ಹಳಗನ್ನಡದಲ್ಲಿ ಮೀನಿಗೆ ಎಷ್ಟು ಪರ್ಯಾಯಪದಗಳಿವೆಯೆಂದು ಕೇಳಿದ್ದರೆ ಹೇಳುತ್ತಿದ್ದೆ. ಮೀನಿಗೆ ಸೂಜಿ ಏಕೆಂಬುದು ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಆದ್ದರಿಂದ ಅದರ ಯೋಗಕ್ಷೇಮವನ್ನು ವಿಚಾರಿಸುವ ಅಗತ್ಯವೂ ಬಿದ್ದಿರಲಿಲ್ಲ. ಆ ಮೇಲೆ ಪುಸ್ತಕಗಳನ್ನು ತಿರುವಿಹಾಕಿ, ತಿಳಿದವರನ್ನು ಕೇಳಿ, ಒಂದು ಸಂಜೆ ಹೆಸರಘಟ್ಟದವರೆಗೆ ಹೋಗಿಬಂದು ಅರಿತುಕೊಂಡ ಸಂಗತಿಗಳನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಮೀನನ್ನು ತಟ್ಟೆಯಲ್ಲಿ ಕಾಣುವವರಿಗೂ ದಶಾವತಾರದ ಪಟದಲ್ಲಿ ಮಾತ್ರ ಕಾಣುವವರಿಗೂ ಇದು ಸಮಾನವಾಗಿ ಸ್ವಾರಸ್ಯಕರವಾದೀತೆಂದು ನಂಬಿದ್ದೇನೆ.

ನಮ್ಮ ಕೆರೆಗಳಲ್ಲಿ ಸಾಕುವ ಮುಖ್ಯ ಮೀನುಗಳು ಮೂರು: ಕಟ್ಲಾ, ರೋಹು ಮತ್ತು ಮೃಗಾಲ್. ಇವು ಉತ್ತರದ ದೊಡ್ಡ ನದಿಗಳಲ್ಲಿ ಹುಟ್ಟಿ ಬೆಳೆದ ಕುಲದವು. ಬೇಸಗೆಯಲ್ಲಿ ಹೆಣ್ಣುಮೀನಿನ ಗರ್ಭದಲ್ಲಿ ಮೊಟ್ಟೆಗಳು ಬಲಿಯುತ್ತವೆ. ಮುಂಗಾರಿನ ಹೊನಲು ನದಿಯ ದಡ ಮೀರಿ ಹರಡಿದಾಗ ಮೀನುಗಳು ಆ ತೆಳುನೀರಿನ ಬಯಲಿಗೆ ಏರಿಬಂದು ಮೊಟ್ಟೆಯಿಡುತ್ತವೆ. ಒಂದು ಕಿಲೋಗ್ರಾಂ ತೂಕದ ಹೆಣ್ಣು ರೋಹು ಎರಡು ಲಕ್ಷಕ್ಕೂ ಮಿಕ್ಕಿದ ಮೊಟ್ಟೆಗಳನ್ನು ಹೊರಬಲ್ಲುದು. ಅದೇ ಮೀನನ್ನು ತಂದು ಕೆರೆಯಲ್ಲಿ ಬಿಟ್ಟರೆ ತಿಂದು ಕೊಬ್ಬುತ್ತದೆ, ಗರ್ಭವನ್ನೂ ಧರಿಸುತ್ತದೆ. ಆದರೆ ಕೊನೆಯ ಹೆಜ್ಜೆಯನ್ನು ಮಾತ್ರ ಇಡುವುದಿಲ್ಲ. ಹೊನಲಿಗಾಗಿ ಕಾದು ಕಾದು, ಅದು ಬಾರದಿದ್ದಾಗ, ಬಲಿತ ಮೊಟ್ಟೆಗಳನ್ನು ತನ್ನ ಒಡಲೊಳಗೇ ಕರಗಿಸಿಕೊಂಡುಬಿಡುತ್ತದೆ. ಸಾಮಾನ್ಯ ಗೆಂಡೆಯಂಥ ಕೆಲವು ಮೀನುಗಳು ನಿಂತ ನೀರಿನಲ್ಲಿಯೇ ಜೊಂಡಿಗೆ ಮೊಟ್ಟೆ ಅಂಟಿಸಿ ಸುಮ್ಮನಾಗುತ್ತವೆ. ಕಟ್ಲಾ ರೋಹುಗಳ ಮಾನ ಅಷ್ಟು ಸುಲಭವಾಗಿ ಮಣಿಯುವಂಥದಲ್ಲ.

ಆದ್ದರಿಂದ ಒಂದು ಕಾಲದಲ್ಲಿ ಮೀನುಮರಿ ಬೇಕೆಂದವರು ನದಿಗೇ ಹೋಗಬೇಕಾಗಿತ್ತು. ಹೊನಲಿನಲ್ಲಿ ತೇಲಿಬರುವ ಮರಿಗಳನ್ನು ಸಣ್ಣ ಕಣ್ಣಿನ ಬಲೆಯೊಡ್ಡಿ ಹಿಡಿದು, ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬಂಗಾಳದಿಂದ ರೈಲಿನಲ್ಲಿ ದೂರದ ಪ್ರಾಂತಗಳಿಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಸತ್ತವು ಸತ್ತು, ಉಳಿದವುಗಳಲ್ಲಿ ಸಾಕಬೇಕಾದ ಮೀನೆಷ್ಟು, ಅದನ್ನು ತಿನ್ನುವ ಮೀನೆಷ್ಟು ಎಂಬುದು ಬೆಳೆದ ಮೇಲೆಯೇ ಗೊತ್ತಾಗುತ್ತಿತ್ತು. ಬಂಗಾಳದ ಬಾಂಕುಡಾ, ಮಿಡ್ನಾಪುರ ಜಿಲ್ಲೆಗಳಲ್ಲಿ ಜನ ಬೇರೊಂದು ಉಪಾಯ ಮಾಡಿಕೊಂಡಿದ್ದರು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ಮಳೆಯ ನೀರು ಭರದಿಂದ ಒಳನುಗ್ಗುವಂತೆ ಮಾಡಿ ಅದರಲ್ಲಿ ಬಲಿತ ಮೀನುಗಳನ್ನು ಬಿಡುತ್ತಿದ್ದರು. ಹೊಸನೀರು ಮೈಗೆ ತಾಗಿದೊಡನೆ ಮೀನು ಆ ಒಡ್ಡನ್ನೇ ನದಿಯೆಂದು ಭಾವಿಸಿ ಮೊಟ್ಟೆಯಿಡುತ್ತಿತ್ತು. ಆದರೆ ಮಳೆ ಬಾರದ ವರ್ಷ ಈ ಉಪಾಯವೂ ಇಲ್ಲ.

ಹಾಗಾದರೆ ಹೊನಲು ಮೀನಿಗೆ ಹೇಳುವ ಮಾತಾದರೂ ಏನು? ಅದನ್ನು ಕೇಳಿಸಿಕೊಳ್ಳುವವರು ಯಾರು?

ಕೇಳಿಸಿಕೊಳ್ಳುವುದು ಮಿದುಳು. ಹಗಲು ಉದ್ದವಾದದ್ದು, ನೀರಿನ ಬಿಸುಪು ಬದಲಾದದ್ದು, ಹೊಸ ಮಳೆನೀರಿನ ರುಚಿ, ಸೆಳವು—ಇವೆಲ್ಲ ಸುದ್ದಿಗಳೂ ಇಂದ್ರಿಯಗಳ ದಾರಿಯಾಗಿ ಮಿದುಳಿನ ಹೈಪೋಥಲಮಸ್ ಎಂಬ ಭಾಗಕ್ಕೆ ಬಂದು ಸೇರುತ್ತವೆ. ಅದರ ಕೆಳಗೆ, ತಲೆಬುರುಡೆಯ ಒಂದು ಪುಟ್ಟ ಗುಳಿಯಲ್ಲಿ, ಪಿಟ್ಯುಟರಿ ಎಂಬ ಗ್ರಂಥಿ ಇದೆ. ಸಾಸಿವೆ ಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ, ತುಸು ಕೆಂಪು ಬೆರೆತ ಬಿಳಿಯ ಬಣ್ಣದ ಉಂಡೆ ಅದು. ಮನುಷ್ಯನಿಗೂ ಇದೇ ಗ್ರಂಥಿ ಇದೇ ಸ್ಥಳದಲ್ಲಿ ಉಂಟು. ಹೆಸರಿನ ಹಿಂದೆ ಒಂದು ವಿನೋದವಿದೆ. ಲ್ಯಾಟಿನ್ ಭಾಷೆಯಲ್ಲಿ ‘ಪಿಟ್ಯುಯಿಟಾ’ ಎಂದರೆ ಶ್ಲೇಷ್ಮ, ಸಿಂಬಳ. ಮಿದುಳಿನ ಕಶ್ಮಲವೆಲ್ಲ ಈ ಗ್ರಂಥಿಯ ಮೂಲಕ ಸೋರಿ ಮೂಗಿಗೆ ಇಳಿಯುತ್ತದೆಂದು ಹಿಂದಿನ ವೈದ್ಯರು ನಂಬಿದ್ದರು. ದೇಹದ ಬೆಳವಣಿಗೆ, ಸಂತಾನ, ಮೊಲೆಹಾಲು ಇವೆಲ್ಲವುಗಳ ಸೂತ್ರವನ್ನು ಹಿಡಿದಿರುವ ಗ್ರಂಥಿಗೆ ಸಿಂಬಳದ ಹೆಸರೇ ಶಾಶ್ವತವಾಗಿ ಅಂಟಿಕೊಂಡಿತು!

ಈ ಗ್ರಂಥಿ ಸ್ರವಿಸುವ ರಸಗಳಿಗೆ ಹಾರ್ಮೋನು ಎಂದು ಹೆಸರು. 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಬಳಕೆಗೆ ತಂದ ಮಾತು ಇದು. ಗ್ರೀಕ್ ಮೂಲದಲ್ಲಿ ಅದಕ್ಕೆ ‘ಪ್ರಚೋದಿಸು, ಚಲನೆಗೆ ತರು’ ಎಂಬ ಅರ್ಥವಿದೆ. ನಮ್ಮವರು ಚೋದಕರಸವೆಂದರು. ಮಾತು ಚೆನ್ನಾಗಿದೆ, ಆದರೆ ಔಷಧದ ಅಂಗಡಿಯಲ್ಲಿ ಚೋದಕರಸ ಕೇಳಿದರೆ ಅಂಗಡಿಯವನು ಹಣ್ಣಿನ ರಸದ ಅಂಗಡಿಗೆ ದಾರಿ ತೋರಿಸಿಯಾನು. ಹಾರ್ಮೋನು ಎಂದೇ ಕರೆಯೋಣ.

ಕೆಲಸ ನಡೆಯುವ ಕ್ರಮ ಹೀಗೆ: ಹೈಪೋಥಲಮಸ್ ಒಂದು ಹಾರ್ಮೋನನ್ನು ಪಿಟ್ಯುಟರಿಗೆ ಕಳುಹಿಸುತ್ತದೆ. ನಮ್ಮಂಥ ಪ್ರಾಣಿಗಳಲ್ಲಿ ಇದು ಸಣ್ಣ ರಕ್ತನಾಳಗಳ ಮೂಲಕ ಸಾಗಬೇಕು. ಮೂಳೆಮೀನುಗಳಲ್ಲಾದರೋ ಮಿದುಳಿನ ನರತಂತುಗಳೇ ಗ್ರಂಥಿಯೊಳಕ್ಕೆ ಚಾಚಿಕೊಂಡಿವೆ. ಅಂಚೆಯವನ ಕೈಗೆ ಕೊಡದೆ ಖುದ್ದಾಗಿ ಮನೆಬಾಗಿಲಿಗೆ ಪತ್ರ ತಲುಪಿಸಿದಂತೆ. ಪತ್ರ ಮುಟ್ಟಿದೊಡನೆ ಪಿಟ್ಯುಟರಿ ಎರಡು ಬಗೆಯ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮೊದಲನೆಯದು ಮೊಟ್ಟೆಗಳನ್ನು ಬೆಳೆಸುವ ಕೆಲಸಕ್ಕೆ. ಅದರ ಚೋದನೆಯಿಂದ ಅಂಡಾಶಯವು ಈಸ್ಟ್ರೋಜನ್ ಎಂಬ ರಸವನ್ನು ಸ್ರವಿಸುತ್ತದೆ. ಈಸ್ಟ್ರೋಜನ್ನಿನ ಅಪ್ಪಣೆಯಂತೆ ಯಕೃತ್ತು ಮೊಟ್ಟೆಯ ಭಂಡಾರದ ಸಾಮಗ್ರಿಯನ್ನು ತಯಾರಿಸಿ ಕಳುಹಿಸುತ್ತದೆ. ಇದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಈ ವಿಷಯಕ್ಕೆ ಮರಳಿ ಬರಬೇಕಾಗಿದೆ. ಎರಡನೆಯ ಹಾರ್ಮೋನು ಕೊನೆಯ ಗಳಿಗೆಯದು. ಅದು ಒಮ್ಮೆಲೇ ಉಕ್ಕಿ ಬಂದಾಗ ಮೊಟ್ಟೆಗಳು ಪಕ್ವವಾಗಿ ಅಂಡಾಶಯದಿಂದ ಕಳಚಿಕೊಳ್ಳುತ್ತವೆ. ಕೆರೆಯ ಮೀನಿನಲ್ಲಿ ಮೊದಲನೆಯ ಕೆಲಸವೆಲ್ಲ ಮುಗಿದಿರುತ್ತದೆ. ಕೊನೆಯ ಉಕ್ಕು ಮಾತ್ರ ಬರುವುದಿಲ್ಲ. ಏಕೆಂದರೆ ಹೊನಲಿನ ಪತ್ರ ಬಂದಿಲ್ಲ.

ಪತ್ರ ಬಾರದಿದ್ದರೇನಂತೆ, ಬೇರೊಂದು ಮೀನಿನ ಪಿಟ್ಯುಟರಿಯನ್ನೇ ತೆಗೆದು ಅದರ ರಸವನ್ನು ಇದರ ಮೈಗೆ ಚುಚ್ಚಿದರೆ? ಈ ಯೋಚನೆ ಮೊದಲು ಹೊಳೆದದ್ದು ದಕ್ಷಿಣ ಅಮೆರಿಕದಲ್ಲಿ. ಅರ್ಜೆಂಟೈನಾದ ಬರ್ನಾರ್ಡೊ ಹೌಸ್ಸೇ 1930ರ ಸುಮಾರಿನಲ್ಲಿ ಮೀನುಗಳ ಮೇಲೆ ಇಂಥ ಪ್ರಯೋಗ ಮಾಡಿದರು. ಪಿಟ್ಯುಟರಿಗೂ ದೇಹದ ಸಕ್ಕರೆಗೂ ಇರುವ ಸಂಬಂಧವನ್ನು ತೋರಿಸಿದ್ದಕ್ಕಾಗಿ 1947ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹನೀಯರು ಇವರೇ. ಬಳಿಕ ಬ್ರೆಜಿಲಿನಲ್ಲಿ ರೊಡೊಲ್ಫೊ ಫಾನ್ ಇಹೆರಿಂಗ್ ಮತ್ತವರ ಸಂಗಡಿಗರು ಈ ವಿದ್ಯೆಯಿಂದ ಅಲ್ಲಿಯ ನದಿಮೀನುಗಳಲ್ಲಿ ಮೊಟ್ಟೆಯಿಡಿಸಿದರು.

ನಮ್ಮ ದೇಶದಲ್ಲಿ ಈ ಯಶಸ್ಸು ಬಂದದ್ದು ಹೀರಾಲಾಲ್ ಚೌಧುರಿಯವರ ಕೈಯಿಂದ. 1955ರಲ್ಲಿ ಅವರು ಚಿಕ್ಕ ಮೀನೊಂದರ ಮೇಲೆ ಪ್ರಯೋಗಿಸಿ ಗೆದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವರೂ ಕೆ. ಎಚ್. ಆಲಿಕುಂಞಿಯವರೂ ಸೇರಿ, ನಮ್ಮ ದೊಡ್ಡ ಗೆಂಡೆಮೀನುಗಳಿಗೆ ಪಿಟ್ಯುಟರಿಯ ರಸವನ್ನು ಚುಚ್ಚಿ ನಿಂತ ನೀರಿನಲ್ಲಿಯೇ ಮೊಟ್ಟೆಯಿಡಿಸಿದರು. ಪುನರ್ವಸು ಮಳೆಯ ದಿನಗಳು ಅವು. ಮಳೆಯ ಕಾಲದಲ್ಲಿಯೇ ಮಳೆಯ ಹಂಗು ಹರಿಯಿತು. ಆ ದಿನದ ನೆನಪಿಗಾಗಿ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಈಗ ದೇಶವೆಲ್ಲ ಆಚರಿಸುತ್ತದೆ. ಇಂದು ಭಾರತದ ಕೆರೆಕೊಳಗಳಲ್ಲಿ ಬೆಳೆಯುವ ಮೀನಿನ ಬಹುಪಾಲಿನ ವಂಶವೃಕ್ಷವನ್ನು ಹಿಡಿದು ಹಿಂದೆ ಹೋದರೆ ಎಲ್ಲೋ ಒಂದು ಸೂಜಿಯ ಮೊನೆ ಸಿಕ್ಕುತ್ತದೆ.

ಕನ್ನಡನಾಡಿಗೂ ಮೀನಿನ ವಿಚಾರ ಹೊಸದಲ್ಲವೆಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ಹೇಳಿದರೆ ತಪ್ಪಾಗಲಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ವಿದ್ಯೆ ಎಲ್ಲವನ್ನೂ ಅರಸ ಅಲ್ಲಿ ವಿವರಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಭಾರತದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಸ್ಥಾಪನೆಯಾದದ್ದು ಮಂಗಳೂರಿನಲ್ಲಿ. ಬೆಂಗಳೂರಿನ ಬಳಿ, ನೆಲಮಂಗಲ ದೊಡ್ಡಬಳ್ಳಾಪುರ ತಾಲ್ಲೂಕುಗಳ ಸೆರಗಿಗೆ ಹತ್ತಿಕೊಂಡೇ ಇರುವ ಹೆಸರಘಟ್ಟದಲ್ಲಿ ಮೀನು ಸಂಶೋಧನೆಯ ಕೇಂದ್ರಗಳಿವೆ.

ಆ ಹೆಸರಘಟ್ಟಕ್ಕೆ ನಾನು ಹೋದದ್ದು ಮೋಡ ಕವಿದ ಒಂದು ಸಂಜೆ. ಸೂಜಿ ಹಾಕುವ ಕೆಲಸಕ್ಕೆ ಸಂಜೆಯೇ ಪ್ರಶಸ್ತವಂತೆ. ಬಲಿತ ಹೆಣ್ಣುಮೀನಿನ ಹೊಟ್ಟೆ ಮೃದುವಾಗಿ ಉಬ್ಬಿರುತ್ತದೆ. ಗಂಡಿನ ಎದೆಯ ಈಜುರೆಕ್ಕೆಯನ್ನು ಬೆರಳಿನಿಂದ ಸವರಿದರೆ ಒರಟು ತಗಲುತ್ತದೆ. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ರೇತಸ್ಸು ಒಸರುತ್ತದೆ. ಹೀಗೆ ಹೆಣ್ಣುಗಂಡುಗಳನ್ನು ಆರಿಸಿ, ತೂಕ ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಲದ ಬುಡದ ಮಾಂಸಖಂಡಕ್ಕೋ ರೆಕ್ಕೆಯ ಬುಡಕ್ಕೋ ಸೂಜಿ ಚುಚ್ಚುತ್ತಾರೆ.

ಹಳೆಯ ಕ್ರಮವನ್ನು ಅಲ್ಲಿ ಅನುಭವಸ್ಥರೊಬ್ಬರು ನನಗೆ ವಿವರಿಸಿದರು. ಮೀನಿನ ಅಂಗಡಿಗಳಲ್ಲಿ ಕತ್ತರಿಸಿದ ತಲೆಗಳಿಂದ ಗ್ರಂಥಿಯನ್ನು ತೆಗೆಯಬೇಕು. ತಲೆಬುರುಡೆಯ ಹಿಂಬದಿಯ ರಂಧ್ರದ ಮೂಲಕ ಚಿಮುಟ ತೂರಿಸಿ ತೆಗೆದರೆ ತಲೆ ಕೆಡುವುದಿಲ್ಲ. ಅಂಗಡಿಯವನು ಅದನ್ನು ಮಾರಿಕೊಳ್ಳಬಹುದು. ತೆಗೆದ ಗ್ರಂಥಿಯನ್ನು ನೀರಿನಂಶವಿಲ್ಲದ ಶುದ್ಧ ಆಲ್ಕೋಹಾಲಿನಲ್ಲಿ, ಬೆಳಕು ತಗಲದ ಕಂದುಬಣ್ಣದ ಸೀಸೆಯಲ್ಲಿ ಇಡಬೇಕು. ಬೇಕಾದಾಗ ಅರೆದು, ನೀರು ಬೆರೆಸಿ, ತಿಳಿಯನ್ನು ಸೂಜಿಗೆ ಎಳೆದುಕೊಳ್ಳಬೇಕು. ಹೆಣ್ಣುಮೀನಿಗೆ ಎರಡು ಸಲ ಚುಚ್ಚುವುದು ರೂಢಿ. ಮೊದಲು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 2ರಿಂದ 3 ಮಿಲಿಗ್ರಾಂ ಗ್ರಂಥಿ. ಸುಮಾರು ಆರು ಗಂಟೆ ಕಳೆದ ಮೇಲೆ 5ರಿಂದ 8 ಮಿಲಿಗ್ರಾಂ. ಗಂಡಿಗೆ ಒಂದೇ ಸಲ, ಹೆಣ್ಣಿನ ಎರಡನೆಯ ಸೂಜಿಯ ಸಮಯಕ್ಕೆ. ಅನಂತರ ಹೆಣ್ಣುಗಂಡುಗಳನ್ನು ‘ಹಾಪಾ’ ಎಂದು ಕರೆಯುವ, ಸೊಳ್ಳೆಪರದೆಯನ್ನು ತಲೆಕೆಳಗಾಗಿ ಕಟ್ಟಿದಂಥ ಬಟ್ಟೆಯ ತೊಟ್ಟಿಯಲ್ಲಿ ಬಿಡುತ್ತಾರೆ. ನಾಲ್ಕರಿಂದ ಆರು ಗಂಟೆಗಳಲ್ಲಿ ಮೊಟ್ಟೆ ಸಿದ್ಧ. ಮರುದಿನದ ಹೊತ್ತಿಗೆ ಮರಿ ಒಡೆಯುತ್ತದೆ. ಹುಟ್ಟಿದ ಮರಿಗೆ ಬಾಯಿ ಇನ್ನೂ ತೆರೆದಿರುವುದಿಲ್ಲ. ಸುಮಾರು ಮೂರು ದಿನ ತಾಯಿ ಕಟ್ಟಿಕೊಟ್ಟ ಬುತ್ತಿಯ ಚೀಲ ಅದರ ಹೊಟ್ಟೆಯಲ್ಲೇ ಇರುತ್ತದೆ.

ಈಗ ಗ್ರಂಥಿಯ ಬಳಕೆ ಬಹುಮಟ್ಟಿಗೆ ಹಿಂದೆ ಬಿದ್ದಿದೆ. ಅದರ ಹಿಂದಿನ ಕಥೆ ಇನ್ನೂ ಸ್ವಾರಸ್ಯಕರ. ಹೈಪೋಥಲಮಸ್ ಪಿಟ್ಯುಟರಿಗೆ ಬರೆಯುವ ಆ ‘ಪತ್ರ’ದ ಅಕ್ಷರಗಳನ್ನು 1971ರಲ್ಲಿ ವಿಜ್ಞಾನಿಗಳು ಓದಿದರು. ಹತ್ತೇ ಹತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ ಅದು. ಈ ಬಗೆಯ ಸಂಶೋಧನೆಗಾಗಿ ಗಿಯ್ಮಾಂ ಮತ್ತು ಶಾಲಿ ಎಂಬುವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಸರಪಳಿಯನ್ನು ಕೃತಕವಾಗಿ ತಯಾರಿಸಿ ಮೀನಿಗೆ ಚುಚ್ಚಿದರೆ ಕೆಲಸ ಸುಲಭವಾಗಬೇಕಷ್ಟೆ? ಗೆಂಡೆಮೀನುಗಳಲ್ಲಿ ಹಾಗಾಗಲಿಲ್ಲ. ಕಾರಣವನ್ನು ಕೆನಡಾದ ರಿಚರ್ಡ್ ಪೀಟರ್ ಮತ್ತು ಚೀನದ ಲಿನ್ ಹಾವೋರಾನ್ ಹುಡುಕಿದರು. ಮೀನಿನ ಮಿದುಳು ಪಿಟ್ಯುಟರಿಗೆ ‘ಮಾಡು’ ಎಂಬ ಪತ್ರದೊಂದಿಗೆ ‘ತಡೆ’ ಎಂಬ ಇನ್ನೊಂದು ಪತ್ರವನ್ನೂ ಕಳುಹಿಸುತ್ತದೆ. ಆ ತಡೆಯ ಹೆಸರು ಡೋಪಮೈನ್. ಹೊನಲು ಬರುವವರೆಗೂ ಮಿದುಳು ಕಡಿವಾಣವನ್ನು ಬಿಗಿಹಿಡಿದಿರುತ್ತದೆ.

ಉಪಾಯ ಆಗ ಸ್ಪಷ್ಟವಾಯಿತು: ಒಂದು ಕೈಯಿಂದ ಕುದುರೆಗೆ ಚಬುಕು, ಇನ್ನೊಂದು ಕೈಯಿಂದ ಕಡಿವಾಣದ ಸಡಿಲಿಕೆ. ಹಾರ್ಮೋನಿನ ಕೃತಕ ರೂಪದೊಂದಿಗೆ ಡೋಪಮೈನನ್ನು ತಡೆಯುವ ಮದ್ದನ್ನೂ ಬೆರೆಸಿದರು. ಆ ಮದ್ದು ಡೊಂಪೆರಿಡೋನ್. ವಾಂತಿಯಾದಾಗ ವೈದ್ಯರು ಬರೆದುಕೊಡುವ ಮಾತ್ರೆಯೇ ಅದು; ವಾಚಕರಲ್ಲಿ ಹಲವರ ಮನೆಯ ಔಷಧದ ಡಬ್ಬಿಯಲ್ಲಿ ಅದು ಇದ್ದೀತು! 1988ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ಇಬ್ಬರ ಹೆಸರನ್ನೂ ಕೂಡಿಸಿ ‘ಲಿನ್‌ಪೆ’ ಎಂದು ಹೆಸರಿಟ್ಟರು. ಓವಾಪ್ರಿಮ್ ಮೊದಲಾದ ಹೆಸರುಗಳಲ್ಲಿ ಸೀಸೆಯಾಗಿ ದೊರೆಯುವುದು ಇದೇ ಮಿಶ್ರಣ. ಕಿಲೋಗ್ರಾಂ ತೂಕದ ಹೆಣ್ಣುಮೀನಿಗೆ ಅರ್ಧ ಮಿಲಿಲೀಟರಿನಷ್ಟು ಸಾಕು. ಎರಡು ಬಾರಿ ಚುಚ್ಚುವ ಕಷ್ಟವೂ ಇಲ್ಲ. ತುಂಗಭದ್ರೆಯಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದು ಈಗ ಅಪರೂಪವಾಗಿರುವ ಪುಲ್ಚೆಲ್ಲಸ್ ಎಂಬ ನಮ್ಮದೇ ನಾಡಿನ ಗೆಂಡೆಮೀನನ್ನು ಹೆಸರಘಟ್ಟದಲ್ಲಿ ಮರಿಮಾಡಿಸಿರುವುದೂ ಹಾರ್ಮೋನಿನ ಸಹಾಯದಿಂದಲೇ.

ಇಷ್ಟನ್ನು ಕೇಳಿಕೊಂಡು ಹೊರಗೆ ಬಂದಾಗ ನನಗೆ ಬಹಳ ಹಿಗ್ಗಾಗಿತ್ತು. ಮಳೆರಾಯನ ಮುದ್ರೆಯುಂಗುರವನ್ನೇ ಮನುಷ್ಯ ನಕಲು ಮಾಡಿಬಿಟ್ಟ! ಅದನ್ನು ತೋರಿಸಿದರೆ ಸಾಕು, ಅಂತಃಪುರದ ಬಾಗಿಲು ತೆರೆಯುತ್ತದೆ. ಆದರೆ ಹೆಸರಘಟ್ಟದ ಕೆರೆಯ ಏರಿಯ ಮೇಲೆ ಹತ್ತಿ ನಿಂತಾಗ ಆ ಹಿಗ್ಗು ಸ್ವಲ್ಪ ತಗ್ಗಿತು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ಹಾಯ್ದು ಬರುವ ಅರ್ಕಾವತಿಗೆ ಅಡ್ಡಲಾಗಿ 1890ರ ದಶಕದಲ್ಲಿ ಈ ಕೆರೆಯನ್ನು ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಆ ಊರಿನ ನಲ್ಲಿಗಳಲ್ಲಿ ಮೊದಲು ಹರಿದದ್ದು ಅರ್ಕಾವತಿಯೇ. ಈಗ ಹೊಳೆ ಎಂಬ ಹೆಸರು ನಕ್ಷೆಯಲ್ಲಿದೆ. ವರ್ಷದ ಬಹುಕಾಲ ನೆಲದ ಮೇಲೆ ಅದು ಕಾಣುವುದಿಲ್ಲ. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳನ್ನು ಎಷ್ಟೋ ಕಡೆ ನಾವು ಮುಚ್ಚಿದ್ದೇವೆ. ಕೋಡಿ ಬಿದ್ದಾಗ ಮೇಲಿನ ಕೆರೆಯ ಮೀನು ಕೆಳಗಿನ ಕೆರೆಗೆ ಇಳಿಯುತ್ತಿದ್ದುದು, ಹೊಸನೀರಿಗೆ ಸಣ್ಣ ಮೀನುಗಳು ಸೆಳವಿಗೆದುರಾಗಿ ಹತ್ತುತ್ತಿದ್ದುದು, ಊರಿನ ಹುಡುಗರೆಲ್ಲ ಪಂಚೆಯ ಚುಂಗಿನಲ್ಲಿ ಅವನ್ನು ಹಿಡಿಯುತ್ತಿದ್ದುದು, ಇವೆಲ್ಲ ನನ್ನ ಮಾವನವರ ಬಾಯಲ್ಲಿ ಕೇಳುವ ಕಥೆಗಳಾಗಿವೆ. ಸೂಜಿ ಬಂದದ್ದರಿಂದ ಹೊಳೆ ಬತ್ತಿತೆಂದು ಹೇಳಿದರೆ ಅದು ಅನ್ಯಾಯ. ಆದರೆ ಸೂಜಿ ಇರುವುದರಿಂದ ಹೊಳೆ ಬತ್ತಿದ್ದು ನಮಗೆ ಅಷ್ಟಾಗಿ ಗೊತ್ತಾಗಲಿಲ್ಲವೇನೋ. ಮಾರುಕಟ್ಟೆಗೆ ಮೀನು ಬರುತ್ತಲೇ ಇದೆಯಲ್ಲ!

ಇನ್ನೂ ಎರಡು ಚಿಂತೆಗಳಿವೆ. ಮರಿ ಮಾಡಿಸುವವರು ನಾಲ್ಕಾರು ಜೋಡಿ ಮೀನುಗಳನ್ನೇ ವರ್ಷ ವರ್ಷವೂ ಬಳಸಿ, ಅವುಗಳ ಮಕ್ಕಳಿಂದಲೇ ಮೊಮ್ಮಕ್ಕಳನ್ನು ಪಡೆದರೆ ಸಗೋತ್ರ ವಿವಾಹದ ದೋಷ ಮೀನನ್ನೂ ಬಿಡುವುದಿಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನೇ ಪರೀಕ್ಷಿಸಿ, ಹೀಗೆ ಒಳಸಂಬಂಧ ಹೆಚ್ಚುತ್ತಿರುವುದನ್ನು ಎತ್ತಿ ತೋರಿಸಿತು. ನದಿಯಲ್ಲಿ ಸಾವಿರಾರು ತಂದೆತಾಯಿಯರು, ತೊಟ್ಟಿಯಲ್ಲಿ ಬೆರಳೆಣಿಕೆಯಷ್ಟು. ಹೊಸ ಬೀಜ ತಂದು ಬೆರೆಸುವ ಎಚ್ಚರವಿಲ್ಲದಿದ್ದರೆ ಮರಿಗಳ ಸಂಖ್ಯೆ ಬೆಳೆದು ಸತ್ತ್ವ ಕುಂದುತ್ತದೆ.

ಎರಡನೆಯ ಚಿಂತೆ ನಮ್ಮ ಮನೆಗಳಿಗೇ ಸಂಬಂಧಪಟ್ಟದ್ದು. ಬೆಂಗಳೂರಿನ ಬಚ್ಚಲಿನ ನೀರನ್ನು ಶುದ್ಧಿ ಮಾಡಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬರಡು ಬಿದ್ದಿದ್ದ ಕೆರೆಗಳಲ್ಲಿ ನೀರು ಕಂಡು ರೈತರ ಕೊಳವೆಬಾವಿಗಳಿಗೆ ಜೀವ ಬಂದರೆ ಅದನ್ನು ಬೇಡವೆನ್ನುವ ಬಾಯಿ ನನ್ನದಲ್ಲ. ಆದರೆ ಊರಿನ ನೀರಿನಲ್ಲಿ ಊರಿನ ಜನರ ಹಾರ್ಮೋನುಗಳೂ ಇರುತ್ತವೆ. ಹೆಂಗಸರ ದೇಹದಿಂದ ಸಹಜವಾಗಿ ಹೊರಬೀಳುವ ಈಸ್ಟ್ರೋಜನ್, ಸಂತಾನ ನಿಯಂತ್ರಣದ ಮಾತ್ರೆಯ ಕೃತಕ ಈಸ್ಟ್ರೋಜನ್, ಇವು ಸಾಧಾರಣ ಶುದ್ಧೀಕರಣದಲ್ಲಿ ಪೂರ್ತಿಯಾಗಿ ಹೋಗುವುದಿಲ್ಲ. ಹಿಂದೆ ವಾಚಕರನ್ನು ನೆನಪಿಟ್ಟುಕೊಳ್ಳಲು ಕೋರಿದ್ದ ಮಾತು ಈಗ ಬರುತ್ತದೆ. ಈಸ್ಟ್ರೋಜನ್ನಿನ ಅಪ್ಪಣೆ ಬಂದರೆ ಗಂಡುಮೀನಿನ ಯಕೃತ್ತೂ ಮೊಟ್ಟೆಯ ಸಾಮಗ್ರಿಯನ್ನು ತಯಾರಿಸತೊಡಗುತ್ತದೆ! ಬ್ರಿಟನ್ನಿನ ನದಿಗಳಲ್ಲಿ, ಚರಂಡಿ ನೀರಿನ ಶುದ್ಧೀಕರಣ ಘಟಕಗಳ ಕೆಳಗಿನ ಭಾಗದಲ್ಲಿ, ವೃಷಣದೊಳಗೆ ಮೊಟ್ಟೆಗಳಿರುವ ಗಂಡುಮೀನುಗಳು ಸಿಕ್ಕಿದವೆಂದು 1998ರಲ್ಲಿ ವರದಿಯಾಯಿತು. ಕೆನಡಾದಲ್ಲಿ ಕ್ಯಾರೆನ್ ಕಿಡ್ ಮತ್ತು ಸಂಗಡಿಗರು ಪ್ರಯೋಗಕ್ಕೆಂದೇ ಮೀಸಲಿಟ್ಟ ಒಂದು ಸರೋವರಕ್ಕೆ ಮೂರು ಬೇಸಗೆ ಈ ಕೃತಕ ಈಸ್ಟ್ರೋಜನ್ನನ್ನು ಬೆರೆಸಿದರು. ಒಂದು ಲೀಟರ್ ನೀರಿಗೆ ಗ್ರಾಮಿನ ನೂರು ಕೋಟಿಯಲ್ಲಿ ಐದಾರು ಪಾಲು ಮಾತ್ರ. ಅಷ್ಟಕ್ಕೇ ಅಲ್ಲಿಯ ಒಂದು ಸಣ್ಣ ಜಾತಿಯ ಮೀನು ಅಳಿದುಹೋಗುವ ಸ್ಥಿತಿಗೆ ಬಂದಿತೆಂದು 2007ರಲ್ಲಿ ಪ್ರಕಟಿಸಿದರು. ಬೆರೆಸುವುದನ್ನು ನಿಲ್ಲಿಸಿದ ಮೇಲೆ ಆ ಸಂತತಿ ಕ್ರಮೇಣ ಚೇತರಿಸಿಕೊಂಡಿತೆಂಬುದು ಸಮಾಧಾನದ ಸುದ್ದಿ. ಸೂಜಿಯ ಮೊನೆಯಲ್ಲಿ ವರವಾದ ವಸ್ತುವಿನ ಬಳಗದವರೇ ಚರಂಡಿಯ ದಾರಿಯಲ್ಲಿ ಬಂದರೆ ಶಾಪವಾಗಬಲ್ಲರು. ಆದ್ದರಿಂದ ನಮ್ಮ ಕೆರೆಗಳಿಗೆ ನೀರು ತುಂಬಿಸುವವರು ಎಷ್ಟು ತುಂಬಿತೆಂದು ಅಳೆಯುವುದರ ಜೊತೆಗೆ ನೀರಿನಲ್ಲಿ ಏನಿದೆಯೆಂದೂ ಆಗಾಗ ಪರೀಕ್ಷಿಸಿ ಜನರಿಗೆ ತಿಳಿಸಬೇಕೆಂದು ಕೇಳುವುದು ಅತಿಯಾಸೆಯಾಗಲಾರದು. ಬೆಂಗಳೂರಿನಲ್ಲಿ ಬಚ್ಚಲ ನೀರು ಬಿಡುವ ನಮಗೆ ಆ ಪ್ರಶ್ನೆ ಕೇಳುವ ಹೊಣೆಯೂ ಇದೆ.

ಕಾರ್ತಿಕದಲ್ಲಿ ಮತ್ತೆ ಆ ಹಳ್ಳಿಗೆ ಹೋದೆವು. ಕೆರೆ ಮುಕ್ಕಾಲಿಗೆ ಬಂದಿತ್ತು. ಹಿರಿಯರು ಏರಿಯ ಮೇಲೆ ಕುಳಿತು ಬಲೆ ಹೊಲಿಯುತ್ತಿದ್ದರು. ಮರಿಗಳ ಸಮಾಚಾರ ಕೇಳಿದೆ.

“ಅಂಗೈಯಗಲ ಆಗವೆ ಮೇಷ್ಟ್ರೇ. ಯುಗಾದಿವರ್ಗೂ ನೀರು ನಿಂತ್ರೆ ಗೆದ್ದೆವು. ಹಿಂದೊಂದು ವರ್ಷ ಹಿಂಗೇ ಬಿಟ್ಟಿದ್ದೆವು, ಸಂಕ್ರಾಂತಿಗೆ ಕೆರೆ ಒಣಗೋಯ್ತು. ಗುತ್ತಿಗೆ ದುಡ್ಡೂ ಹೋಯ್ತು, ಮರಿ ದುಡ್ಡೂ ಹೋಯ್ತು. ಸಂಘದಾಗೆ ಇಪ್ಪತ್ತು ಮನೆಯೋರು, ಎಲ್ರಿಗೂ ಸಾಲ. ಮರಿಯೇನೋ ಸೂಜಿ ಹಾಕಿ ಮಾಡ್ತಾರೆ. ಕೆರೆಗೆ ಹಾಕೋ ಸೂಜಿ ಇದ್ರೆ ಹೇಳಿ.”

ನಾನು ಸುಮ್ಮನಿದ್ದೆ. ಇಷ್ಟೆಲ್ಲ ಓದಿದ ಮೇಲೂ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಮಗಳು ತನ್ನ ಪ್ರಶ್ನೆಯನ್ನು ಮುಂದಿಟ್ಟಳು.

“ಅಪ್ಪಾ, ಇವಕ್ಕೆ ಹೊಳೆಯೇ ಗೊತ್ತಿಲ್ಲವಲ್ಲ. ಒಂದು ದಿನ ನಿಜವಾಗಿ ಹೊಳೆ ಬಂದರೆ ಇವಕ್ಕೆ ತಿಳಿಯುತ್ತದೆಯೇ?”

ಈ ಬಾರಿ ನನಗೆ ಉತ್ತರ ಗೊತ್ತಿತ್ತು. “ತಿಳಿಯುತ್ತದೆ ಮಗು. ಆ ಪುಟ್ಟ ಗ್ರಂಥಿ ಇನ್ನೂ ಅಲ್ಲೇ ಇದೆ. ಬಂಗಾಳದ ಒಡ್ಡುಗಳಲ್ಲಿ ಮಳೆನೀರು ನುಗ್ಗಿದ ಕೂಡಲೇ ಅಂಥ ಮೀನುಗಳೇ ತಾವಾಗಿ ಮೊಟ್ಟೆಯಿಡುತ್ತಿದ್ದವು.”

ಹಿರಿಯರು ತಲೆಯೆತ್ತಿದರು. “ಮೀನು ಮರೆಯಾಕಿಲ್ಲ ಕಣವ್ವ,” ಎಂದರು. “ದಾರಿ ಮುಚ್ಚಿರೋರು ನಾವು.” ಮತ್ತೆ ಬಲೆಯ ಹರಿದ ಕಣ್ಣಿಗೆ ದಾರ ಪೋಣಿಸಿದರು.